ಎಣ್ಣೆ ಹತ್ತದ ಅರ್ಧ

ನನಗೆ ಲಕ್ವಾ ಹೊಡೆದದ್ದು ಮೊದಲು ಗೊತ್ತಾದದ್ದು ನನ್ನ ಸೊಸೆಗೆ. ನಾನು ಆ ಹೊತ್ತಿನಲ್ಲಿ ಅವಳನ್ನು ಬೈಯುವುದರಲ್ಲಿದ್ದೆ.

ತಿಕೋಟಾದ ನಮ್ಮ ಮನೆ, ಮಧ್ಯಾಹ್ನದ ಊಟ. ತಾಟಿನಲ್ಲಿ ರೊಟ್ಟಿ ಇತ್ತು, ಮೊಸರು ಇತ್ತು, ಪಲ್ಯ ಇರಲಿಲ್ಲ.

"ಪಲ್ಯ ಯಾಕ ಹಾಕಿಲ್ಲ ಬೇ? ಬರೇ ರೊಟ್ಟಿ ಕಡಕೊಂತ ಕುಂದರಬೇಕೇನ ನಾ?"

"ತಾಟಿನ್ಯಾಗ ಐತೆಲ್ರಿ ಅತ್ತಿ."

"ನನಗ ಕಣ್ಣ ಅದಾವ. ಸುಳ್ಳ ಹೇಳಬ್ಯಾಡ."

ಅವಳು ತಾಟನ್ನು ತಿರುಗಿಸಿದಳು. ಬದನೆಕಾಯಿ ಪಲ್ಯ ಬಂತು. "ಈಗ ಹಾಕಿದಿ ನೋಡು" ಎಂದೆ. ಅವಳು ನಗಲಿಲ್ಲ. ನನ್ನ ಮುಖವನ್ನೇ ನೋಡಿ, ಹೊರಗೆ ಓಡಿ ನನ್ನ ಮಗನನ್ನು ಕರೆದಳು. ಎಡಗಡೆಯ ತುಟಿ ಜೋತುಬಿದ್ದಿತ್ತಂತೆ. ಎಡಗೈ ನೆಲದ ಮೇಲೆ ಚೆಲ್ಲಿತ್ತಂತೆ. ಅಂತೆ ಎಂದೇ ಬರೆಯಬೇಕು. ಅದು ಅವರು ಕಂಡದ್ದು, ನಾನು ಕಂಡದ್ದಲ್ಲ.

ವಿಜಯಪುರದ ಆಸ್ಪತ್ರೆಗೆ ಬೇಗ ಒಯ್ದರು. ಅದರಿಂದ ಕಾಲು ಉಳಿಯಿತು. ಕೈಗೂ ಬಲ ಬಂತು. ತುಟಿ ತನ್ನ ಜಾಗಕ್ಕೆ ಹೋಯಿತು. ನೋಡಲು ಬಂದವರೆಲ್ಲ ಪುಣ್ಯವಂತೆ ಎಂದು ಹೇಳಿ ಚಹಾ ಕುಡಿದು ಹೋದರು. ಬಾರದೆ ಉಳಿದದ್ದು ಒಂದೇ, ನನ್ನ ಎಡಗಡೆ. ಅದು ಬಂದಿಲ್ಲ ಎಂದು ನನಗೆ ಒಪ್ಪಿಸುವುದಕ್ಕೆ ಒಂದು ಹಾಳೆ ಬೇಕಾಯಿತು.

ಡಾಕ್ಟರು ಹೆಣ್ಣುಮಗಳು, ವಯಸ್ಸು ಚಿಕ್ಕದು. ನನ್ನ ಮುಂದೆ ಒಂದು ಬಿಳಿ ಹಾಳೆ ಇಟ್ಟಳು. ಅದರ ತುಂಬ ಕಡ್ಡಿ ಚೆಲ್ಲಿದ ಹಾಗೆ ಸಣ್ಣ ಸಣ್ಣ ಗೆರೆಗಳು. ಪ್ರತಿ ಗೆರೆಯ ಮೇಲೂ ಒಂದು ಅಡ್ಡಗೆರೆ ಎಳೆಯಬೇಕು. ಸಾಲಿ ಕಲಿಯದವರಿಗೂ ಬರುವ ಕೆಲಸ. ನಾನು ಸಾಲಿ ಕಲಿತದ್ದೂ ಅಷ್ಟರಲ್ಲೇ ಇದೆ, ಬರೆಯಲು ಬರುತ್ತದೆ, ಲೆಕ್ಕ ಬಾಯಿಂದ ಬರುತ್ತದೆ. ಎಳೆದು ಮುಗಿಸಿ ಪೆನ್ನು ಕೆಳಗಿಟ್ಟೆ.

"ಎಲ್ಲಾ ಆದ್ವೇನ್ರಿ ಆಯಿ?"

"ಆದ್ವು. ನಿಮಗ ಕಾಣವಲ್ದೇನು?"

ಸಣ್ಣ ಮೊಮ್ಮಗಳು ಪಕ್ಕದಲ್ಲಿ ನಿಂತಿದ್ದಳು. ಕೆಮ್ಮಿದಳು. ಡಾಕ್ಟರು ಹಾಳೆಯನ್ನು ತಲೆಕೆಳಗಾಗಿ ತಿರುಗಿಸಿದಳು. ಅರ್ಧ ಹಾಳೆಯ ಗೆರೆಗಳು ಮುಟ್ಟದೆ ಹಾಗೇ ಉಳಿದಿದ್ದವು. ಹಾಳೆ ಬದಲಿಸಿದ್ದಾಳೆ ಎಂದು ನಾನು ಜಗಳ ತೆಗೆದೆ. ಮತ್ತೊಂದು ಹಾಳೆ ಕೊಟ್ಟು ಗಡಿಯಾರ ಬರೆಯಲು ಹೇಳಿದಳು. ದುಂಡಗೆ ಗೆರೆ ಎಳೆದು ಅಂಕಿ ಬರೆದೆ. ಹನ್ನೆರಡೂ ಅಂಕಿಗಳು ಬಲಗಡೆಗೆ ಬಂದು, ಬಸ್ಸಿನ ಬಾಗಿಲಲ್ಲಿ ನಿಂತ ಜನರ ಹಾಗೆ ಒತ್ತಿಕೊಂಡಿದ್ದವು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

"ನಿಮ್ಮ ಕಣ್ಣ ಛಲೋ ಅದಾವ್ರಿ," ಎಂದಳು ಡಾಕ್ಟರು. "ಕಣ್ಣ ನೋಡಾಕತ್ಯಾವ. ಆದ್ರ ತಲಿಯೊಳಗ ಎಡಗಡಿದ್ದು ತಗೊಳ್ಳೋ ಜಾಗಕ್ಕ ಪೆಟ್ಟ ಬಿದ್ದೈತಿ. ಬಂದಿದ್ದನ್ನ ತಗೋವಲ್ದು ಅದು."

ಆ ಎಡಗಡೆ ನನಗೆ ಹೇಗಿತ್ತು ಎಂದು ಬಹಳ ಜನ ಕೇಳಿದ್ದಾರೆ. ಕತ್ತಲಾಗಿತ್ತೇ, ಮಂಜಾಗಿತ್ತೇ ಎಂದು. ನಾನು ಅವರನ್ನು ತಿರುಗಿ ಕೇಳುತ್ತೇನೆ: ನಿಮ್ಮ ಬೆನ್ನ ಹಿಂದೆ ಏನು ಕಾಣುತ್ತಿದೆ? ಕತ್ತಲೆಯೂ ಕಾಣುವುದಿಲ್ಲ. ಅಲ್ಲಿ ಏನೋ ಕಾಣಬೇಕಿತ್ತು ಎಂದೂ ಅನಿಸುವುದಿಲ್ಲ. ಹಾಗೆ. ಕಳೆದುಹೋದದ್ದು ಗೊತ್ತಾದರೆ ಹುಡುಕಬಹುದು. ಕಳೆದದ್ದೇ ಗೊತ್ತಾಗದಿದ್ದರೆ ಹುಡುಕುವವಳು ಯಾರು?

ನಾನು ಅಂದು ಡಾಕ್ಟರನ್ನು ಕೇಳಿದ್ದು ಒಂದೇ ಮಾತು.

"ಕೂಸಿಗಿ ಎರೀಬಹುದೇನ್ರಿ ನಾ?"

ದೊಡ್ಡ ಮೊಮ್ಮಗಳನ್ನು ಬಬಲೇಶ್ವರಕ್ಕೆ ಕೊಟ್ಟಿದ್ದೇವೆ. ಅವಳು ಆಗ ನಾಲ್ಕು ತಿಂಗಳ ಬಸುರಿ, ಮೊದಲ ಬಾಣಂತಿತನಕ್ಕೆ ನಮ್ಮ ಮನೆಗೇ ಬರುವವಳು. ನಮ್ಮ ಮನೆಯಲ್ಲಿ ಹುಟ್ಟಿದ ಕೂಸಿಗೆ ಎಣ್ಣೆ ಹಚ್ಚಿ ನೀರು ಎರೆದದ್ದೆಲ್ಲ ನಾನೇ. ನನ್ನ ಸೊಸೆಗೆ ತವರಿನಲ್ಲಿ ಮಾಡುವವರಿರಲಿಲ್ಲ, ಅವಳ ಎರಡೂ ಬಾಣಂತಿತನ ನನ್ನ ಕೈಯಲ್ಲೇ ಆದವು. ಓಣಿಯಲ್ಲೂ ಕರೆಯುತ್ತಿದ್ದರು. ಎದುರುಮನೆಯ ಮುಸಲ್ಮಾನರ ಮಕ್ಕಳು ಮೀಸೆ ಬಂದ ಮೇಲೂ ನನ್ನನ್ನು ಕಂಡರೆ, "ಆಯಿ, ನನ್ನ ಮೂಗ ತಿದ್ದಿದಾಕಿ ನೀನ ಅಲಾ, ಇನ್ನೊಂದೀಟ ಜಗ್ಗಬೇಕಾಗಿತ್ತು" ಎನ್ನುತ್ತಾರೆ. ನನಗೆ ಬೇರೆ ದೊಡ್ಡ ವಿದ್ಯೆ ಇಲ್ಲ. ರೊಟ್ಟಿ ಎಲ್ಲರೂ ಬಡಿಯುತ್ತಾರೆ. ಕೂಸಿಗೆ ಎರೆಯುವುದು ನನ್ನ ಕೆಲಸ. ಮರಿಮಗುವಿಗೆ ಎರೆಯದೆ ಮೂಲೆಯಲ್ಲಿ ಕೂತಿರಲು ನನಗೆ ಮನಸ್ಸಿರಲಿಲ್ಲ.

ಡಾಕ್ಟರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ದಿನಾ ಈ ಹಾಳೆ ಮಾಡಿ, ನೋಡೋಣ ಎಂದಳು. ಈ ಬೇನೆಯವರಿಗೆ ತಮಗೆ ಬೇನೆ ಇದೆ ಎಂಬುದೇ ಒಪ್ಪಿಗೆಯಾಗುವುದಿಲ್ಲ, ಅದಕ್ಕೇ ಕಷ್ಟಪಡಲು ಒಲ್ಲೆ ಅನ್ನುತ್ತಾರೆ, ನಿಮಗೆ ಒಂದು ಆಸೆ ಇದೆ, ಅದು ಒಳ್ಳೆಯದು ಎಂದಳು. ಆಸೆ ಔಷಧಿ ಚೀಟಿಯಲ್ಲಿ ಬರೆದು ಕೊಡುವಂಥದ್ದಲ್ಲವಂತೆ.

ಸಣ್ಣ ಮೊಮ್ಮಗಳು ವಿಜಯಪುರದಲ್ಲಿ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಖೋಲಿ ಹಿಡಿದು ಕಾಲೇಜಿನಲ್ಲಿ ಸ್ಟಾಟಿಸ್ಟಿಕ್ಸ್ ಓದುತ್ತಾಳೆ. ಅಂಕಿಗಳನ್ನು ಚಿತ್ರ ಮಾಡಿ ತೋರಿಸುವ ವಿದ್ಯೆ ಎಂದು ನಾನು ತಿಳಿದುಕೊಂಡಿದ್ದೇನೆ. ರವಿವಾರ ಮನೆಗೆ ಬರುತ್ತಾಳೆ. ಬಂದವಳು ನಾನು ಹಾಳೆಗಳಲ್ಲಿ ಹೊಡೆದ ಗೆರೆಗಳನ್ನು ಎಣಿಸಿ ಒಂದು ಚಾರ್ಟು ಬರೆದು ಗೋಡೆಗೆ ಹಚ್ಚಿ ಹೋದಳು. ಮುಂದಿನ ರವಿವಾರ ಬಂದು, "ಚಾರ್ಟ ನೋಡಿದಿ, ಆಯಿ?" ಎಂದಳು.

"ಎಲ್ಲಿ ಹಚ್ಚಿದಿ? ಬರೇ ಬಾಯಿಲೆ ಹೇಳಿ ಹೋದಿ."

ನನ್ನ ಹಾಸಿಗೆಯ ಎಡಗೋಡೆಗೆ ಹಚ್ಚಿದ್ದಳು. ಎಂ.ಎಸ್ಸಿ. ಓದುವವಳು. ನನ್ನ ಸೊಸೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಚಾರ್ಟು ಬಲಗೋಡೆಗೆ ಬಂತು.

ಮೊದಲು ಕಂಬಗಳನ್ನು ಬರೆದಿದ್ದಳು. ಒಂದು ದಿನಕ್ಕೆ ಒಂದು ಕಂಬ. ಹೆಚ್ಚು ಗೆರೆ ಹೊಡೆದ ದಿನ ಕಂಬ ಎತ್ತರ, ಕಡಿಮೆ ಹೊಡೆದ ದಿನ ಗಿಡ್ಡ. ಎತ್ತರದ ಕಂಬದ ಪಕ್ಕ ಗಿಡ್ಡದ್ದು ಬಂದರೆ ನನಗೆ ಸೋತ ಹಾಗೆ ಆಗುತ್ತಿತ್ತು, ಮರುದಿನ ಪೆನ್ನು ಮುಟ್ಟುತ್ತಿರಲಿಲ್ಲ. ಅವಳು ಅದನ್ನು ಗಮನಿಸಿದಳು. ನನ್ನ ರಕ್ತದವಳು, ಮಾತು ಒರಟು, ಕಣ್ಣು ಸೂಕ್ಷ್ಮ.

"ಕಂಬ ಬ್ಯಾಡ ಬಿಡ. ಕಂಬ ಇಳದ್ರ ನಿನ್ನ ಮುಖಾನೂ ಇಳೀತೈತಿ. ನೀ ಎಷ್ಟ ಹೊಡದಿ ಅನ್ನೋದು ಬ್ಯಾಡ ನನಗ. ಎಲ್ಲಿ ಹೊಡದಿ ಅನ್ನೋದು ಬೇಕು."

ಹಾಳೆಯನ್ನೇ ಸಣ್ಣದಾಗಿ ಬರೆದು ಚೌಕ ಚೌಕ ಮಾಡಿದಳು. ನಾನು ಮುಟ್ಟಿದ ಗೆರೆಗಳಿರುವ ಚೌಕಕ್ಕೆ ಹಸಿರು, ಮುಟ್ಟದ ಚೌಕ ಬಿಳಿ. ಅದು ನನಗೆ ನೋಡಿದೊಡನೆ ತಿಳಿಯಿತು. ಬಿತ್ತಿದ ಹೊಲ, ಬಿತ್ತದ ಹೊಲ. ಬಲದ ಬದುವಿನಿಂದ ನಡುವಿನವರೆಗೆ ಬೆಳೆ, ಆ ಕಡೆ ಬೀಳು. ಯಾರದ್ದೋ ಹೊಲ ನೋಡಿದ ಹಾಗೆ ನನ್ನ ತಲೆಯನ್ನು ನೋಡಿದೆ. ಡಾಕ್ಟರು ಇಷ್ಟು ಸಲ ಹೇಳಿದ್ದು ಆಗ ನನಗೆ ನಿಜ ಅನಿಸಿತು.

ಹಾಳೆಯ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿ, ಅದು ಕಾಣುವವರೆಗೆ ಕತ್ತು ಹೊರಳಿಸಿ, ಆಮೇಲೆ ಶುರು ಮಾಡಬೇಕು ಎಂದು ಡಾಕ್ಟರು ಕಲಿಸಿದಳು. ಕತ್ತು ನೋಯುತ್ತಿತ್ತು. ಹೊರಳಿಸಿದೆ ಎಂದುಕೊಳ್ಳುತ್ತಿದ್ದೆ, ಹೊರಳಿರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಅದೇ ಕೆಲಸ. ಹಸಿರು ಮೆಲ್ಲಗೆ ಎಡಕ್ಕೆ ಸರಿಯಿತು. ದೊಡ್ಡ ಮೊಮ್ಮಗಳು ಬಬಲೇಶ್ವರದಿಂದ ಬರುವ ಹೊತ್ತಿಗೆ ಕೆಂಪು ಬದುವಿನ ತನಕ ಹೊಲ ತುಂಬಿತ್ತು. ಮಗ ಅದರ ಫೋಟೋ ತೆಗೆದು ಬೀಗರಿಗೆ ಕಳಿಸಿದ.

ಡಾಕ್ಟರು ಮಾತ್ರ ಹಾಳೆ ನೋಡಿ, "ಹಾಳಿ ಮ್ಯಾಲೆ ಭಾಳ ಛಲೋ ಐತ್ರಿ. ಮನ್ಯಾಗ ಹೆಂಗ?" ಎಂದು ಕೇಳಿದಳು.

"ಮನ್ಯಾಗೂ ಛಲೋ ಐತಿ," ಎಂದೆ. ಸುಳ್ಳು ಹೇಳಲಿಲ್ಲ. ಎಡಭುಜ ಬಾಗಿಲ ಚೌಕಟ್ಟಿಗೆ ಬಡಿಯುತ್ತಿತ್ತು, ಅದಕ್ಕೆ ಬಾಗಿಲು ಇಕ್ಕಟ್ಟು ಎಂದುಕೊಂಡಿದ್ದೆ. ಮನೆ ಕಟ್ಟಿದಾಗಿನಿಂದ ಅದೇ ಬಾಗಿಲು.

ಹೆಣ್ಣು ಕೂಸು ಹುಟ್ಟಿತು. ವಿಜಯಪುರದಲ್ಲಿ ಹೆರಿಗೆಯಾಗಿ ತಿಕೋಟಾಕ್ಕೆ ತಂದರು. ಹೊಕ್ಕಳು ಬಿದ್ದ ಮೇಲೆ ಎಣ್ಣೆ ನೀರು ಶುರು ಮಾಡಬೇಕು. ಸೊಸೆ ಅಳುಕಿದಳು. "ಓಣ್ಯಾಗ ಯಾರನ್ನಾರ ಕರಿಯೂಣೇನ್ರಿ?" ಎಂದು ಮಗನನ್ನು ಒಳಗೆ ಕರೆದು ಕೇಳುವುದು ನನಗೆ ಕೇಳಿಸಿತು. ಬಾಣಂತಿಯೇ ಹಾಸಿಗೆಯಿಂದ ಕೂಗಿದಳು: "ಯವ್ವಾ, ಆಯಿನ ಎರೀಲಿ. ಚಾರ್ಟ ಪೂರಾ ಹಸರ ಆಗೇತಿ ನೋಡಿಲ್ಲೇನು?"

ಅಷ್ಟಕ್ಕೇ ಎಲ್ಲರೂ ಒಪ್ಪಿದರು. ಗೋಡೆಯ ಮೇಲಿನ ಚಿತ್ರವನ್ನು ನಂಬಿದರು. ಎಲ್ಲರಿಗಿಂತ ಹೆಚ್ಚು ನಂಬಿದವಳು ನಾನು.

ಬಚ್ಚಲಲ್ಲಿ ಮಣೆಯ ಮೇಲೆ ಕೂತು ಕಾಲು ಚಾಚಿದೆ. ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡೆ, ಅದರ ತಲೆ ನನ್ನ ಪಾದದ ಕಡೆ, ಪಾದ ನನ್ನ ಹೊಟ್ಟೆಯ ಕಡೆ. ಸೊಸೆ ಹಂಡೆಯಿಂದ ನೀರು ತೋಡಿ ಬೆರಕೆ ಮಾಡುವುದರಲ್ಲಿದ್ದಳು. ಕೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಎದೆಗೆ ಹಚ್ಚಿದೆ, ತೋಳಿಗೆ ಹಚ್ಚಿದೆ, ತೊಡೆ ನೀವಿದೆ. ಬೋರಲು ಹಾಕಿ ಬೆನ್ನಿಗೆ ಹಚ್ಚಿದೆ. ಕೈಗಳಿಗೆ ನಾನು ಏನನ್ನೂ ಹೇಳಬೇಕಾಗಿರಲಿಲ್ಲ. ಎಷ್ಟೋ ತಿಂಗಳ ಮೇಲೆ ನಾನು ನಾನಾಗಿದ್ದೆ. ಮತ್ತೆ ಅಂಗಾತ ಹಾಕಿ ಕಡಲೆಹಿಟ್ಟು ಹಚ್ಚುವಾಗ ಸೊಸೆ ನನ್ನ ಬಲಕ್ಕೆ ನಿಂತು ನೀರು ಹಾಕುತ್ತಿದ್ದಳು. ಕೂಸು ಅತ್ತಿತು. ಬಹಳ ಅತ್ತಿತು.

"ಯಾಕ ಇಷ್ಟ ಅಳಾಕತ್ತೈತ್ರಿ ಅತ್ತಿ?"

"ಎರಿಯೋ ಮುಂದ ಅಳದ ಕೂಸ ಯಾವುದೈತಿ? ನಿನ್ನ ಮಗಳು ಇದಕಿಂತ ಜೋರ ಇದ್ಳು. ಹಾಕ ನೀರ."

ಒರೆಸಿ, ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಅಂದು ರವಿವಾರ, ಸಣ್ಣ ಮೊಮ್ಮಗಳು ಮನೆಯಲ್ಲಿದ್ದಳು. ಲೋಬಾನದ ಹೊಗೆ ಹಿಡಿಯಲು ಕಿಟಕಿಯ ಬಳಿ ಕೂಸಿನ ಬಟ್ಟೆ ಬಿಚ್ಚಿದಳು. ಬಿಚ್ಚಿದವಳು ಹಾಗೇ ನಿಂತಳು. ಆಮೇಲೆ ಕೂಸನ್ನು ಬೋರಲು ಹಾಕಿ ನೋಡಿದಳು. ಮತ್ತೆ ಅಂಗಾತ ಹಾಕಿದಳು.

"ಏನ ಬೇ, ರೊಟ್ಟಿ ಹೊರಳಿ ಹಾಕಿದಂಗ ಹಾಕಾಕತ್ತಿ?" ಎಂದೆ.

ಅವಳು ಕೂಸನ್ನು ನನ್ನ ಬಲಗಡೆಗೆ ತಂದು ಮಲಗಿಸಿದಳು. ಅಲ್ಲಿ ನನಗೆ ಕಂಡಿತು. ಕೂಸಿನ ಎದೆಯ ಒಂದು ಅರ್ಧ ತಿಕ್ಕಿದ ತಾಮ್ರದ ತಂಬಿಗೆಯ ಹಾಗೆ ಕೆಂಪಾಗಿ ಮಿಂಚುತ್ತಿತ್ತು. ಇನ್ನೊಂದು ಅರ್ಧಕ್ಕೆ ಎಣ್ಣೆಯೇ ಹತ್ತಿರಲಿಲ್ಲ. ಆ ಕಡೆಯ ಕಂಕುಳಲ್ಲಿ ಹುಟ್ಟಿದಾಗಿನ ಬಿಳಿ ಜಿಡ್ಡು ಹಾಗೇ ಕೂತಿತ್ತು. ಅಂಗಾತ ಮಲಗಿದಾಗ ನನ್ನ ಎಡಕ್ಕೆ ಬರುವುದು ಕೂಸಿನ ಬಲಮೈ, ಬೋರಲು ಹಾಕಿದಾಗ ಎಡಮೈ. ಅದಕ್ಕೆ ಎದೆಯಲ್ಲಿ ಒಂದು ಕಡೆ ಬಿಟ್ಟಿದ್ದೆ, ಬೆನ್ನಲ್ಲಿ ಇನ್ನೊಂದು ಕಡೆ. ಯಾರೋ ಚಾಕುವಿನಿಂದ ಗೆರೆ ಕೊಯ್ದ ಹಾಗೆ ನಡುವೆ ಸರಿಯಾಗಿ ಅಲ್ಲಿಗೇ ನಿಂತಿತ್ತು ನನ್ನ ಕೈ.

ಅದಿಷ್ಟೇ ಆಗಿದ್ದರೆ ಇನ್ನೊಮ್ಮೆ ಎಣ್ಣೆ ಹಚ್ಚಿದರೆ ಮುಗಿಯುತ್ತಿತ್ತು. ಕೂಸಿನ ಬಲ ತೋಳಿನ ಮೇಲೆ ನಾಲ್ಕು ಬೆರಳಿನ ಗುರುತು ಇತ್ತು. ಕಡಲೆಹಿಟ್ಟು ಹಚ್ಚುವಾಗ ನನ್ನ ಎಡಗೈ ಆ ತೋಳನ್ನು ನನ್ನ ಕಾಲಿಗೆ ಅದುಮಿ ಹಿಡಿದಿತ್ತು. ಕೂಸು ಅತ್ತದ್ದು ಅದಕ್ಕೆ. ನನ್ನದೇ ಕೈ. ಅದು ಅಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಬಾಣಂತಿ ಎದ್ದು ಬಂದು ಕೂಸನ್ನು ಎತ್ತಿಕೊಂಡಳು.

"ಬಿಸಿನೀರಿನ ತಂಬಿಗಿ ಆ ಕೈಯಾಗ ಇದ್ದಿದ್ರ ಏನ ಗತಿ ಆಯಿ?"

"ಸುಮ್ಮನ ಕುಂದರ ಬೇ," ಎಂದಳು ಸೊಸೆ. "ದೊಡ್ಡವರಿಗೆ ಹಾಂಗ ಅಂತಾರೇನು?"

"ಅಕಿ ಅಂದಿದ್ದು ಖರೇ ಐತಿ," ಎಂದೆ. "ಇನ್ನ ನಾ ಎರಿಯಾಂಗಿಲ್ಲ. ಯಾರೂ ನನಗ ಸಮಾಧಾನ ಹೇಳಾಕ ಬರಬ್ಯಾಡ್ರಿ."

ಸಣ್ಣ ಮೊಮ್ಮಗಳು ಗೋಡೆಯ ಹತ್ತಿರ ಹೋಗಿ ಚಾರ್ಟನ್ನು ಕಿತ್ತಳು. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂದಿತ್ತು. ಹರಿಯಲು ನೋಡಿದಳು, ನಾನು ಬಿಡಲಿಲ್ಲ.

"ಅದರಾಗ ಸುಳ್ಳ ಏನೈತಿ? ಹಾಳಿ ಮ್ಯಾಲೆ ನಾ ಹಾಂಗ ಅದೇನಿ. ಅದು ಹಾಳಿ ಚಿತ್ರ. ಈಗ ಕೂಸಿನ ಚಿತ್ರ ಬ್ಯಾರೆ ಬರಿ. ಎಲ್ಲಿ ಎಣ್ಣಿ ಹತ್ತೇತಿ, ಎಲ್ಲಿ ಇಲ್ಲ, ಇದ್ದಾಂಗ ಬರಿ. ಬೆರಳ ಗುರತನೂ ಬರಿ. ಡಾಕ್ಟರ ಕೈಯಾಗ ಕೊಡೂಣು."

ಬರೆದಳು. ಅಂಗಾತ ಒಂದು ಕೂಸು, ಬೋರಲು ಒಂದು ಕೂಸು, ಕಣ್ಣು ಮೂಗು ಇಲ್ಲದ ಬರಿಯ ಗೆರೆಯ ಕೂಸುಗಳು. ಎಣ್ಣೆ ಹತ್ತಿದ ಕಡೆ ಹಸಿರು ತುಂಬಿದಳು. ತೋಳಿನ ಮೇಲೆ ಕೆಂಪು ಪೆನ್ನಿನಿಂದ ನಾಲ್ಕು ಸಣ್ಣ ಗೆರೆ.

ಆಸ್ಪತ್ರೆಯಲ್ಲಿ ನಮ್ಮ ಪಾಳಿಗಾಗಿ ಕೂತಾಗ ಪಕ್ಕದಲ್ಲಿ ಸಾರವಾಡದ ಗಂಡ ಹೆಂಡತಿ ಇದ್ದರು. ಗಂಡ ಗಟ್ಟಿಮುಟ್ಟಾಗಿದ್ದ. ಕೈ ಕಾಲು ನೆಟ್ಟಗಿದ್ದವು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಹೆಂಡತಿ ಡಬ್ಬಿ ತೆಗೆದು ಅವನ ತೊಡೆಯ ಮೇಲಿಟ್ಟಳು. ಅವನು ಅದನ್ನು ನೋಡುತ್ತ ಕೂತ.

"ಹಸಿವಿ ಇಲ್ಲೇನ ಇವರಿಗಿ?" ಎಂದು ಕೇಳಿದೆ.

"ಹಸಿವಿ ಐತ್ರಿ. ಉಣ್ಣಬೇಕು ಅನ್ನೋದ ಬರೂದಿಲ್ಲ. ತಲ್ಯಾಗ ರಕ್ತ ಹೆಪ್ಪಗಟ್ಟಿ ಅದೊಂದ ಹೋತು. ಹೋಗಿ ನೀರ ತಗೊಂಬರ್ರಿ ಅಂದ್ರ ಹೂಂ ಅಂತಾರ, ಏಳೂದಿಲ್ಲ. ಮೊದಲ ಆಲಸಿ ಅಂತ ಬೈತಿದ್ನಿ. ಬೈದಿದ್ದ ಈಗ ನನಗ ಹತ್ತೇತಿ."

ತುತ್ತು ಮಾಡಿ ಅವನ ಬಾಯಿಗೆ ಇಟ್ಟಳು. ಅವನು ಅಗಿದು ನುಂಗಿದ. ಮತ್ತೆ ಕೂತ. ಬೇಕು ಎನ್ನುವುದಕ್ಕೂ ತಲೆಯಲ್ಲಿ ಒಂದು ಜಾಗ ಇದೆ, ಅದೂ ಕೆಡುತ್ತದೆ ಎಂದು ನಾನು ಅಂದು ಕಂಡೆ. ಅಷ್ಟು ದಿನ ಅದನ್ನು ಸ್ವಭಾವ ಎನ್ನುತ್ತಿದ್ದೆ.

ಡಾಕ್ಟರು ಕೂಸಿನ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಹಸಿರು ಹೊಲದ ಚಾರ್ಟನ್ನು ಅಷ್ಟು ಹೊತ್ತು ನೋಡಿರಲಿಲ್ಲ.

"ಹಾಳಿ ಮಾಡೋ ಮುಂದ ಇದು ಪರೀಕ್ಷಿ ಅಂತ ನಿಮಗ ಗೊತ್ತಿರತೈತ್ರಿ. ಮನಸ ಹಚ್ಚಿ ಎಡಕ್ಕ ಹೊರಳತೀರಿ. ಎರಿಯೋದು ನಿಮ್ಮ ಕೈಗೆ ರೂಢಿ. ಮನಸ ಹಚ್ಚೋದು ಬೇಕಾಗಿಲ್ಲ. ಮನಸ ಇಲ್ಲದ ಕಡಿ ಎಡಗಡಿ ಮತ್ತ ಹೋಗಿಬಿಡತೈತಿ."

"ಅಂದ್ರ ನನಗ ಛಲೋ ಬರೋ ಕೆಲಸದಾಗ ನಾ ಕುರುಡಿ."

ಅವಳು ಇಲ್ಲ ಎನ್ನಲಿಲ್ಲ. "ಮುಂದ ಬರಬಹುದು, ಬರದೂ ಇರಬಹುದು. ಹಾಳಿ ಬಿಡಬ್ಯಾಡ್ರಿ" ಎಂದಳು.

ಬಿಟ್ಟೆ. ಮನೆಗೆ ಬಂದು ಹಾಳೆ, ಕೆಂಪು ಪಟ್ಟಿ ಎಲ್ಲ ಗೋಡೆಯ ಗೂಡಿನಲ್ಲಿ ಇಟ್ಟೆ. ಕೂಸಿಗೆ ಎರೆಯುವುದಕ್ಕಾಗಿ ಕತ್ತು ನೋಯಿಸಿಕೊಂಡಿದ್ದೆ, ಅದೇ ಇಲ್ಲದ ಮೇಲೆ ಗೆರೆ ಹೊಡೆದು ಯಾರಿಗೆ ತೋರಿಸಲಿ? ಮಗ ಹೇಳಿ ನೋಡಿದ. ನಾನು ಹಾಳೆ ಮಾಡಿದರೆ ಬೆಲ್ಲ ಹಾಕಿ ಮಾದಲಿ ಮಾಡಿ ಕೊಡುತ್ತೇನೆ ಎಂದಳು ಸೊಸೆ, ನಾನು ಸಾಲಿಯ ಹುಡುಗಿ ಅನ್ನುವ ಹಾಗೆ. ಆಸೆ ಯಾರೂ ತಂದು ಒಳಗೆ ಇಡುವಂಥದ್ದಲ್ಲ. ಸುಮ್ಮನೆ ಕೂತೆ. ಕೂತಾಗ ಆ ಸಾರವಾಡದವನ ತೊಡೆಯ ಮೇಲಿನ ಡಬ್ಬಿ ಕಣ್ಣಿಗೆ ಬರುತ್ತಿತ್ತು. ಅವನದು ಹೋಗಿತ್ತು, ನನ್ನದು ಮುನಿಸಿಕೊಂಡಿತ್ತು. ಅವೆರಡೂ ಒಂದೇ ಅಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಏಳಲಿಲ್ಲ.

ಎರೆಯುವ ಕೆಲಸ ಸೊಸೆಯ ಪಾಲಿಗೆ ಬಂತು. ಎರಡು ಮಕ್ಕಳ ತಾಯಿ, ಈಗ ಅಜ್ಜಿ, ಒಂದು ಕೂಸಿಗೂ ಎರೆದವಳಲ್ಲ. ಕಾಲು ಚಾಚಿ ಕೂತರೆ ಕೂಸು ಜಾರುತ್ತಿತ್ತು. ಕಿವಿಗೆ ನೀರು ಹೋಗುತ್ತದೆ ಎಂದು ತಲೆಗೆ ನೀರೇ ಹಾಕುತ್ತಿರಲಿಲ್ಲ. ಎರಡು ದಿನ ಒಳಗಿನಿಂದ ಕೇಳಿಸಿಕೊಂಡೆ. ಮರುದಿನ ಎದ್ದು ಬಚ್ಚಲ ಬಾಗಿಲಿಗೆ ಹೋದೆ.

"ಮೊಳಕಾಲ ಕೂಡಿಸ ಬೇ. ನಡುವ ಅಷ್ಟ ಸಂದಿ ಬಿಟ್ಟಿ, ಕೂಸ ಕೆಳಗ ಜಾರತೈತಿ."

"ನೀವು ಬಂದ ಕುಂದರ್ರಿ ಅತ್ತಿ. ಕುಂತ ಹೇಳ್ರಿ. ನನಗ ಅಂಜಿಕಿ ಬರಾಕತ್ತೈತಿ."

ಹೇಳಲು ಕೂತರೆ ಬಾಯಿಗೆ ಏನೂ ಬರಲಿಲ್ಲ. ಕತ್ತಿನ ಕೆಳಗೆ ಹೇಗೆ ಹಿಡಿಯಬೇಕು ಎಂದು ಕೇಳಿದಳು. ನನಗೆ ಗೊತ್ತಿಲ್ಲ, ಕೈಗೆ ಗೊತ್ತು. ಬರಿಗೈಯನ್ನು ಗಾಳಿಯಲ್ಲಿ ಆಡಿಸಿ, ಕೈ ಏನು ಮಾಡುತ್ತದೆ ಎಂದು ನಾನೇ ನೋಡಿ, ಅದನ್ನು ಮಾತು ಮಾಡಿ ಅವಳಿಗೆ ಹೇಳಬೇಕಾಯಿತು. ಹಾಗೆ ನೋಡುವಾಗ ಎಡಗೈಯನ್ನೂ ಹುಡುಕಬೇಕಾಯಿತು, ಅದು ಇಲ್ಲದೆ ಹೇಳಿದರೆ ಅರ್ಧ ಕೂಸಿಗೆ ಮಾತ್ರ ಆಗುತ್ತದೆ. ನನ್ನ ಕೈಯಲ್ಲಿದ್ದದ್ದನ್ನು ನಾನು ಮೊದಲ ಸಲ ಕಣ್ಣಿನಿಂದ ಕಂಡದ್ದು ಆಗ.

ಡಾಕ್ಟರಿಗೆ ಇದನ್ನು ಫೋನಿನಲ್ಲಿ ಹೇಳಿದಾಗ, ಕೂಸು ನಿಮ್ಮ ಎಡಕ್ಕೆ ಬರುವಂತೆ ಕುಳಿತುಕೊಳ್ಳಿ ಎಂದಳು. ಹಾಗೇ ಕೂರುತ್ತೇನೆ. ಸೊಸೆ ನನ್ನ ಎಡಕ್ಕೆ ಮಣೆ ಹಾಕುತ್ತಾಳೆ. ಕತ್ತು ಹೊರಳಿಸದಿದ್ದರೆ ನನಗೆ ಅವಳೂ ಇಲ್ಲ, ಕೂಸೂ ಇಲ್ಲ, ಬರಿಯ ಅಳು. ಹೊರಳಿಸಿದರೂ ಕೆಲವು ದಿನ ಕೂಸಿನ ಒಂದು ಕೈ ಸಿಗುವುದಿಲ್ಲ. ಹಾಳೆಗಳನ್ನು ಗೂಡಿನಿಂದ ತೆಗೆದಿದ್ದೇನೆ, ದಿನಾ ಬೆಳಿಗ್ಗೆ ಎರೆಯುವುದಕ್ಕೆ ಮುಂಚೆ ಒಂದು ಹಾಳೆ ಮಾಡುತ್ತೇನೆ. ಮಾದಲಿ ತಿಂದಿಲ್ಲ.

ಸೊಸೆಗೆ ಈಗ ಧೈರ್ಯ ಬಂದಿದೆ. ಧೈರ್ಯದ ಜೊತೆ ನಾಲಿಗೆಯೂ ಬಂದಿದೆ. ಇಂದು ಬೆಳಿಗ್ಗೆ ತಂಬಿಗೆ ಎತ್ತಿ ಹಿಡಿದು ಕೇಳಿದಳು:

"ಕೂಸಿನ ಎರಡೂ ಕೈ ಎಲ್ಲೆಲ್ಲಿ ಅದಾವ ಹೇಳ್ರಿ, ಅತ್ತಿ. ಹೇಳಿದ ಮ್ಯಾಲೇ ನೀರ."

"ಒಂದು ಎದಿ ಮ್ಯಾಲೆ ಐತಿ."

"ಇನ್ನೊಂದು?"

"ತಡೀ, ನೋಡಾಕತ್ತೇನಿ."

"ನೋಡ್ರಿ. ನನಗೇನ ಬಸ್ಸ ತಪ್ಪತೈತೇನು?"

ಬಹಳ ಹೊತ್ತು ಹಿಡಿಯಿತು. ಕೂಸಿನ ಬಲಗೈ ಮುಷ್ಟಿ ಕಟ್ಟಿಕೊಂಡು ಸೊಸೆಯ ಸೀರೆಯ ನೆರಿಗೆಯಲ್ಲಿ ಇತ್ತು. ಸಿಕ್ಕಿತು ಎಂದು ಹೇಳಿದೆ. ಅಷ್ಟರಲ್ಲಿ ತಂಬಿಗೆಯ ನೀರು ಆರಿತ್ತು. ಅವಳು ಅದನ್ನು ಚೆಲ್ಲಿ, ಹಂಡೆಯಿಂದ ಬೇರೆ ನೀರು ತೋಡಿಕೊಂಡಳು.